ಅಪ್ಪನ ಕೆಲಸಕ್ಕೆ ಆಳು ಬೇಕಾಗಿದೆ

ಜಪಾನಿನ ಪರೀಕ್ಷೆಗಳಲ್ಲಿ ‘ಹೆನ್ಸಾಚಿ’ ಅಂತ ಒಂದು ಅಂಕಿ ಇದೆ. ಎಲ್ಲರ ಸರಾಸರಿಯನ್ನು 50 ಅಂತ ಇಟ್ಟುಕೊಂಡು, ನಿಮ್ಮ ಮಗ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಹೇಳುತ್ತದೆ. ಅವನು ಏನು ಕಲಿತ ಅನ್ನೋದು ಅದಕ್ಕೆ ಬೇಡ. ದೇಶದ ಮಕ್ಕಳೆಲ್ಲ ಒಟ್ಟಿಗೆ ನಿದ್ದೆಗೆಟ್ಟು ಓದಿದರೂ ಸರಾಸರಿ 50ರಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಆದರೂ ನಿದ್ದೆ ಕೆಡಲೇಬೇಕು. ನಾಲ್ಕು ಗಂಟೆ ಮಲಗಿದವನು ಪಾಸು, ಐದು ಗಂಟೆ ಮಲಗಿದವನು ಫೇಲು ಅಂತ ಅಲ್ಲಿ ಗಾದೆಯೇ ಇದೆ.

ಈ ಅಂಕಿಯನ್ನೇ ಮನೆದೇವರು ಮಾಡಿಕೊಂಡ ಸಂಸಾರ ಹೇಗಿರುತ್ತೆ? ಯೊಶಿಮಿತ್ಸು ಮೊರಿತಾ 1983ರಲ್ಲಿ ತೆಗೆದ ‘ಕಝೊಕು ಗೇಮು’, ಅಂದರೆ ‘ಸಂಸಾರದ ಆಟ’, ಅನ್ನೋ ಸಿನಿಮಾ ನೋಡಿ. ನುಮಾತಾ ಅವರದು ನಾಲ್ಕು ಜನರ ಮನೆ. ದೊಡ್ಡ ಮಗ ಒಳ್ಳೆ ಹೈಸ್ಕೂಲು ಸೇರಿ ಕುಲ ಉದ್ಧಾರ ಮಾಡಿದ್ದಾನೆ. ಚಿಕ್ಕವನು ತರಗತಿಯ ತಳದಲ್ಲಿ ಆರಾಮಾಗಿದ್ದಾನೆ. ಅಪ್ಪನಿಗೆ ಮಗನ ಜೊತೆ ಮಾತಾಡಲು ಪುರುಸೊತ್ತಿಲ್ಲ. ಹಾಗಂತ ಬೇಜವಾಬ್ದಾರಿ ಮನುಷ್ಯ ಅಲ್ಲ. ದುಡ್ಡು ಕೊಟ್ಟು ಮನೆಪಾಠಕ್ಕೆ ಒಬ್ಬನನ್ನು ಇಡುತ್ತಾನೆ. ಮಗನ ಸ್ಥಾನ ಮೇಲೇರಿದರೆ ಸಂಬಳದ ಮೇಲೆ ಬೋನಸ್ಸು! ಮಗನ ಮೇಲಿನ ಪ್ರೀತಿಗೆ ಇಷ್ಟು ಸ್ಪಷ್ಟ ಲೆಕ್ಕ ಬೇರೆಲ್ಲಿ ಸಿಗುತ್ತೆ?

ಮೇಷ್ಟ್ರಾಗಿ ಬರುವವನು ನಟ ಯುಸಾಕು ಮತ್ಸುದಾ. ಈ ಮೇಷ್ಟ್ರು ಹೆಸರಿಲ್ಲದ ಕಾಲೇಜಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿರುವ ವಿದ್ಯಾರ್ಥಿ. ತಾನೇ ಪಾಸಾಗದವನು ಪಾಸು ಮಾಡಿಸುವ ಗುತ್ತಿಗೆ ಹಿಡಿದಿದ್ದಾನೆ. ಕೈಯಲ್ಲಿ ಗಿಡಮರಗಳ ಸಚಿತ್ರ ಪುಸ್ತಕ. ಏನು ಕುಡಿಯಲು ಕೊಟ್ಟರೂ ಒಂದೇ ಗುಟುಕಿಗೆ ಖಾಲಿ. ಹುಡುಗ ಓದದಿದ್ದರೆ ಮೂಗಲ್ಲಿ ರಕ್ತ ಬರುವ ಹಾಗೆ ಹೊಡೆಯುತ್ತಾನೆ. ಅಪ್ಪ ಅಮ್ಮ ಏನೂ ಕೇಳುವುದಿಲ್ಲ. ಯಾಕೆ ಕೇಳಬೇಕು, ಅಂಕ ಏರುತ್ತಿದೆಯಲ್ಲ?

ಇನ್ನು ಊಟದ ಟೇಬಲ್ಲು. ಉದ್ದಕ್ಕೆ, ಇಕ್ಕಟ್ಟಾಗಿ ಇದೆ. ಎಲ್ಲರೂ ಒಂದೇ ಕಡೆ, ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತ ಹಾಗೆ ಸಾಲಾಗಿ ಕೂರುತ್ತಾರೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಂಗೀತ ಇಲ್ಲ, ಅಗಿಯುವ, ಹೀರುವ ಸದ್ದು ಮಾತ್ರ ಕಿವಿಗೆ ಬಡಿಯುತ್ತದೆ. ಅಪ್ಪನ ಪಾತ್ರದಲ್ಲಿ ಜೂಝೊ ಇತಾಮಿ ತಟ್ಟೆಗೆ ಬಗ್ಗಿ ಮೊಟ್ಟೆಯ ಹಳದಿಯನ್ನು ಸೊರ್ರನೆ ಹೀರುತ್ತಾನೆ. ಹಳದಿ ಗಟ್ಟಿಯಾಗಿದ್ದರೆ ಹೆಂಡತಿ ಮೇಲೆ ಗೊಣಗಾಟ. ಮನೆಯ ವಿಷಯದಲ್ಲಿ ಯಜಮಾನರು ಖುದ್ದು ಗಮನ ಕೊಡುವ ಇಲಾಖೆ ಅದೊಂದೇ ಇರಬೇಕು. ಗಂಡ ಹೆಂಡತಿ ಗುಟ್ಟು ಮಾತಾಡಬೇಕಾದರೆ ಕೆಳಗೆ ನಿಲ್ಲಿಸಿದ ಕಾರಿಗೆ ಹೋಗುತ್ತಾರೆ. ಪಕ್ಕದ ಮನೆಯಾಕೆಗೆ ಬೇರೆಯದೇ ಚಿಂತೆ: ಮಾವ ತೀರಿಕೊಂಡರೆ ಶವಪೆಟ್ಟಿಗೆ ಈ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಡಿಯುತ್ತಾ? (ಬಿಲ್ಡರಿಗೆ ಬದುಕಿರುವವರ ಲೆಕ್ಕ ಮಾತ್ರ ಗೊತ್ತಿತ್ತು ಅಂತ ಕಾಣುತ್ತೆ.)

ಕೊನೆಗೆ ಹುಡುಗ ಹೈಸ್ಕೂಲಿನ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಸಂತೋಷಕೂಟ ನಡೆಯುತ್ತದೆ. ಮೇಷ್ಟ್ರು ಅನ್ನ ಸಾರು ಎರಚಿ, ಎಲ್ಲರಿಗೂ ಒಂದೊಂದು ಬಿಗಿದು, ಟೇಬಲ್ ಬೀಳಿಸಿ ಹೊರಟುಬಿಡುತ್ತಾನೆ. ಬೋನಸ್ಸಿಗೆ ಸರಿಯಾದ ರಸೀದಿ.

ಜಪಾನಿನವರು ಹೊಟ್ಟೆ ತುಂಬ ನಕ್ಕರು. ‘ಕಿನೆಮಾ ಜುನ್‌ಪೊ’ ಪತ್ರಿಕೆ ಅದನ್ನೇ ಆ ವರ್ಷದ ಅತ್ಯುತ್ತಮ ಚಿತ್ರ ಅಂದಿತು. ಆಮೇಲೆ ಎಲ್ಲರೂ ಎದ್ದು ಮಕ್ಕಳನ್ನು ‘ಜುಕು’ಗೆ, ಅಂದರೆ ಟ್ಯೂಷನ್ನಿಗೆ, ಬಿಡಲು ಹೋದರು. 1993ರ ಹೊತ್ತಿಗೆ ಶಿಕ್ಷಣ ಇಲಾಖೆಗೂ ನಾಚಿಕೆಯಾಗಿ, ಹೆನ್ಸಾಚಿ ಲೆಕ್ಕ ಹಾಕಿಕೊಡುವ ಖಾಸಗಿ ಕಂಪನಿಗಳ ಅಣಕು ಪರೀಕ್ಷೆಯನ್ನು ಮಿಡ್ಲ್ ಸ್ಕೂಲಿನಿಂದ ಹೊರಹಾಕಿತು. ಪರೀಕ್ಷೆ ಶಾಲೆಯ ಗೇಟು ದಾಟಿ ಜುಕುವಿಗೆ ಹೋಗಿ ಕೂತಿತು. ಹೆನ್ಸಾಚಿಯೂ ಅದರ ಹಿಂದೆಯೇ ಹೋಯಿತು.

1983ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 15 ಲಕ್ಷ. 2023ರಲ್ಲಿ ಅದರ ಅರ್ಧಕ್ಕೂ ಕಡಿಮೆ, 7 ಲಕ್ಷ 27 ಸಾವಿರ ಚಿಲ್ಲರೆ. ಆ ವರ್ಷ ಅರ್ಧಕ್ಕಿಂತ ಜಾಸ್ತಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಭರ್ತಿಯಾಗಲಿಲ್ಲ. ಇನ್ನು ಮಕ್ಕಳು ನಿದ್ದೆ ಮಾಡಬಹುದು ಅಲ್ವಾ? ಛೆ, ಎಲ್ಲಾದರೂ ಉಂಟೆ! ಈಗ ಟೋಕಿಯೊ ಕಡೆಯ ಅಪ್ಪ ಅಮ್ಮಂದಿರು ಖಾಸಗಿ ಮಿಡ್ಲ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಆರನೇ ಕ್ಲಾಸಿನ ಕೂಸುಗಳನ್ನೇ ತಯಾರು ಮಾಡುತ್ತಿದ್ದಾರೆ.