ಕೆಐ-67 ಎಷ್ಟಿದ್ದರೆ ‘ಹೆಚ್ಚು’?

ಕೆಐ-67 ಎಂದರೆ ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಕಾಣುವ ಒಂದು ಪ್ರೋಟೀನ್; ಗೆಡ್ಡೆಯ ಶೇಕಡ ಎಷ್ಟು ಕೋಶಗಳಲ್ಲಿ ಅದಿದೆ ಎಂದು ಎಣಿಸುತ್ತಾರೆ. ಸ್ತನ ಕ್ಯಾನ್ಸರ್‌ನಲ್ಲಿ ಇದು ಹೆಚ್ಚಿದ್ದರೆ ರೋಗ ಮರುಕಳಿಸುವ ಸಾಧ್ಯತೆಯೂ ಹೆಚ್ಚು ಎಂದು ಒಂದು ಲೇಖನದಲ್ಲಿ ಓದಿದೆ. ಆದರೆ ಎಷ್ಟಿದ್ದರೆ ಹೆಚ್ಚು? 2011ರ ಸೇಂಟ್ ಗಾಲೆನ್ ತಜ್ಞರ ಸಭೆ ಶೇ 14 ಅಂದಿತು, 2013ರಲ್ಲಿ ಶೇ 20ರ ಮಾತು ಬಂತು. ಎಷ್ಟೋ ಪ್ರಬಂಧಗಳಲ್ಲಿ ತಮ್ಮದೇ ದತ್ತಾಂಶದ ಮೇಲೆ ಒಂದೊಂದೇ ಅಂಕಿ ಹಾಕಿ ನೋಡಿ, ಪಿ ಮೌಲ್ಯ (ಕಡಿಮೆಯಾದಷ್ಟೂ ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನಿಸುವ ಅಂಕಿ) ಅತಿ ಕಡಿಮೆ ಬಂದದ್ದನ್ನೇ ಗಡಿ ಮಾಡಿಕೊಂಡಿರುತ್ತಾರೆ. ಹೀಗೆ ಮಾಡಿದರೆ ಶೇ 5 ಇರಬೇಕಾದ ಸುಳ್ಳು ಫಲಿತಾಂಶದ ಸಂಭವ ಶೇ 40ರ ಆಸುಪಾಸಿಗೆ ಏರಬಹುದೆಂದು ಸಂಖ್ಯಾಶಾಸ್ತ್ರಜ್ಞ ಡಗ್ಲಾಸ್ ಆಲ್ಟ್‌ಮನ್ ಮತ್ತು ಸಂಗಡಿಗರು 1994ರಲ್ಲೇ ತೋರಿಸಿದ್ದಾರೆ. ಗಡಿಯನ್ನು ಮೊದಲೇ ನಿಗದಿ ಮಾಡಿದ್ದರೋ, ಆಮೇಲೆ ಹುಡುಕಿದರೋ ಎನ್ನುವ ಒಂದು ಸಾಲು ಇಲ್ಲದಿದ್ದರೆ ಅಂಥ ಪ್ರಬಂಧವನ್ನು ನಾನಂತೂ ನಂಬುವುದಿಲ್ಲ.

ಕೆಐ-67ರಂಥ ಗೆಡ್ಡೆಯ ಸೂಚಕಗಳ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ 2005ರ ರಿಮಾರ್ಕ್ ಮಾರ್ಗಸೂಚಿಯ 20 ಅಂಶಗಳು ಇಂಥವನ್ನೇ ಕೇಳುತ್ತವೆ. ಹೆಚ್ಚಾಗಿ ಬಿಟ್ಟುಹೋಗುವುದು ರೋಗಿಗಳ ಲೆಕ್ಕ. ಅಂಗಾಂಶವನ್ನು ಮೇಣದಲ್ಲಿ ಕಾಪಿಟ್ಟ ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳಲ್ಲಿ ಸಣ್ಣ ಗೆಡ್ಡೆಯ ಅಂಗಾಂಶ ಬೇಗ ಮುಗಿದುಹೋಗುತ್ತದೆ, ಉಳಿಯುವುದು ದೊಡ್ಡ ಗೆಡ್ಡೆಯವರದು. ಎಷ್ಟು ಜನರಿಂದ ಶುರುವಾಗಿ ಎಷ್ಟಕ್ಕೆ ಇಳಿಯಿತು, ಯಾಕೆ ಇಳಿಯಿತು ಎಂದು ಬರೆಯದಿದ್ದರೆ ಈ ವಾಲಿಕೆ ಓದುಗರಿಗೆ ಕಾಣುವುದೇ ಇಲ್ಲ. ಮರುಕಳಿಕೆಗಳ ಸಂಖ್ಯೆಯೂ ಬೇಕು: 200 ರೋಗಿಗಳಿದ್ದು ಮರುಕಳಿಕೆ 18 ಮಾತ್ರ ಆಗಿದ್ದರೆ ಆರು ಅಂಶಗಳ ಕಾಕ್ಸ್ ಮಾದರಿ (ಮರುಕಳಿಕೆಯ ಮೇಲೆ ಹಲವು ಅಂಶಗಳ ಪ್ರಭಾವವನ್ನು ಒಟ್ಟಿಗೆ ಅಳೆಯುವ ಲೆಕ್ಕ) ನಿಲ್ಲುವುದಿಲ್ಲ.

ಲ್ಯಾಬ್ ವಿವರವೂ ಅಷ್ಟೇ ಮುಖ್ಯ. ಕೆಐ-67 ಗುರುತಿಸಲು ಬಳಸಿದ್ದು ಯಾವ ಪ್ರತಿಕಾಯ (ಎಂಐಬಿ-1 ಇರಬಹುದು), ಅಂಗಾಂಶ ಫಾರ್ಮಾಲಿನ್‌ನಲ್ಲಿ ಎಷ್ಟು ಗಂಟೆ ಇತ್ತು, ಎಷ್ಟು ಕೋಶ ಎಣಿಸಿದರು, ದಟ್ಟವಾಗಿ ಬಣ್ಣ ಹಿಡಿದ ಜಾಗವನ್ನಷ್ಟೇ ಎಣಿಸಿದರೋ ಇಡೀ ಸ್ಲೈಡನ್ನೋ, ಎಣಿಸಿದವರಿಗೆ ರೋಗಿಯ ಗತಿ ಮೊದಲೇ ಗೊತ್ತಿತ್ತೋ. ಕೆಐ-67 ಅನ್ನು ‘ಹೆಚ್ಚು’, ‘ಕಡಿಮೆ’ ಎಂದು ಒಡೆಯದೆ ಅಂಕಿಯಾಗಿಯೇ ಇಟ್ಟು, ವಯಸ್ಸು, ಗೆಡ್ಡೆಯ ಗಾತ್ರ, ಗ್ರೇಡ್, ದುಗ್ಧಗ್ರಂಥಿಗಳ ಸ್ಥಿತಿಗೆ ಹೊಂದಿಸಿದ ಅಪಾಯದ ಅನುಪಾತವನ್ನು (ಹಜಾರ್ಡ್ ರೇಷಿಯೊ) ಶೇ 95ರ ವಿಶ್ವಾಸಾರ್ಹ ವ್ಯಾಪ್ತಿಯೊಂದಿಗೆ ಕೊಡಬೇಕು, ಫಲಿತಾಂಶ ನಕಾರಾತ್ಮಕವಾಗಿದ್ದರೂ ಸರಿ.