ಮೇಲೆ ಹೋಗಿದ್ದಕ್ಕೆ ಮಾರ್ಕ್ಸ್ ಇಲ್ಲ

ಹೋದ ಭಾನುವಾರ ಸಾಗರದಿಂದ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ್ದ. ಈಗ ಮೊದಲ ಪಿಯುಸಿ. ಕೈಯಲ್ಲಿ ಒಂದು ಮೊಳ ಉದ್ದದ ಪಿವಿಸಿ ಪೈಪು. "ಮಾವ, ನಿನ್ನ ಥರ ನಾನೂ ರಾಕೆಟ್ ಮಾಡ್ತಿದೀನಿ. ಮೋಟಾರ್ ಇಲ್ಲಿ ಸಿಗಲ್ಲ. ಅದನ್ನೂ ನಾನೇ ಮಾಡ್ತೀನಿ, ವಿಡಿಯೋ ನೋಡ್ಕೊಂಡಿದೀನಿ" ಅಂದ. ರಾಕೆಟ್ ಮೋಟಾರ್ ಅಂದರೆ ಮದ್ದು ತುಂಬಿ ಉರಿಸುವ ಕೊಳವೆ. ನನಗೆ ಎದೆ ಧಸಕ್ಕೆಂದಿತು. "ಮೊದಲು ಆ ಪೈಪ್ ಕೆಳಗಿಡು ಮಾರಾಯ" ಅಂದೆ. ಅವನ ಮುಖ ಸಣ್ಣದಾಯಿತು. ಮಾವ ಹಾರಿಸಬಹುದು, ತಾನು ಹಾರಿಸಬಾರದು ಅಂದರೆ ಯಾರಿಗಾದರೂ ಬೇಜಾರೇ ಅಲ್ವಾ? ಫೋನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆ.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಬೆಳಗಿನ ಜಾವ ಹೊರಟರೆ ಹೊತ್ತೇರುವಷ್ಟರಲ್ಲಿ ಮೊಹಾವಿ ಮರುಭೂಮಿಯ ಲೂಸರ್ನ್ ಡ್ರೈ ಲೇಕ್ ತಲುಪಬಹುದು. ಹೆಸರಿಗೆ ಕೆರೆ. ಇರುವುದು ಬಿರುಕು ಬಿಟ್ಟ ಜೇಡಿಮಣ್ಣಿನ ಬಯಲು, ಸುತ್ತ ಬೋಳು ಗುಡ್ಡ. ತಿಂಗಳಿಗೊಂದು ಶನಿವಾರ ಅಲ್ಲಿ ರಾಕೆಟ್ ಹುಚ್ಚಿನವರು ಸೇರುತ್ತಾರೆ. ಎಂಟು ವರ್ಷದ ಮಕ್ಕಳು ಅಂಗೈಯಗಲದ ರಾಕೆಟ್ ಹಿಡಿದು ಬಂದಿರುತ್ತಾರೆ. ಅವರ ಪಕ್ಕದಲ್ಲೇ ಆಳೆತ್ತರದ ರಾಕೆಟ್ಟನ್ನು ಮೂವರು ಸೇರಿ ಹೊತ್ತು ತರುತ್ತಿರುತ್ತಾರೆ.

ಊರಿನವರು ಕೇಳುತ್ತಾರೆ, ಇದು ದೊಡ್ಡ ದೀಪಾವಳಿ ರಾಕೆಟ್ ತಾನೇ ಅಂತ. ಅಲ್ಲ. ದೀಪಾವಳಿ ರಾಕೆಟ್ ಮೇಲೆ ಹೋಗಿ ಸಿಡಿದರೆ ಅದರ ಕೆಲಸ ಮುಗಿಯಿತು, ಕಡ್ಡಿ ಯಾರ ಹೆಂಚಿನ ಮೇಲೆ ಬಿತ್ತು ಅಂತ ಯಾರೂ ಹುಡುಕಲ್ಲ. ನನ್ನ ಮೊದಲ ಹೈ ಪವರ್, ಅಂದರೆ ದೊಡ್ಡ ಮೋಟಾರಿನ ರಾಕೆಟ್ಟಿನ ತೂಕ ಒಂದೂವರೆ ಕಿಲೋಗಿಂತ ಜಾಸ್ತಿ, ಕೊಳವೆಯ ಅಗಲ ನಾಲ್ಕು ಇಂಚು. ಅದು ಸಾವಿರ ಅಡಿಯಿಂದ ಮೂತಿ ಕೆಳಗೆ ಮಾಡಿಕೊಂಡು ನೇರ ಬಂದರೆ ಕೆಳಗಿರುವವರ ಗತಿ ಏನು? ಈ ಹವ್ಯಾಸದ ನಿಯಮಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಹುಟ್ಟಿದ್ದು.

ಅಮೆರಿಕದಲ್ಲಿ ಹವ್ಯಾಸಿಗಳಿಗೆ ಎರಡು ದೊಡ್ಡ ಸಂಘಗಳಿವೆ. ಒಂದು ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, ಇನ್ನೊಂದು ಟ್ರಿಪೊಲಿ. ದೊಡ್ಡ ಮೋಟಾರ್ ಬೇಕಾದರೆ ಇವರ ಸರ್ಟಿಫಿಕೇಟ್ ಇರಬೇಕು. ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಅಕ್ಷರ ಒಂದು ಮುಂದೆ ಹೋದರೆ ಒಟ್ಟು ನೂಕಿನ (ನೂಕುಬಲವನ್ನು ಉರಿಯುವ ಸೆಕೆಂಡುಗಳಿಂದ ಗುಣಿಸಿದ್ದು) ಮಿತಿ ಎರಡರಷ್ಟಾಗುತ್ತದೆ. ಎಚ್ ಅಂದರೆ 160ರಿಂದ 320 ನ್ಯೂಟನ್-ಸೆಕೆಂಡ್, ಐ ಅಂದರೆ 640ರವರೆಗೆ. ಮೊದಲ ಹಂತದ ಸರ್ಟಿಫಿಕೇಟಿಗೆ ಎಚ್ ಅಥವಾ ಐ ಮೋಟಾರ್ ಹಾಕಿ ಪರೀಕ್ಷಕರ ಎದುರು ಹಾರಿಸಿ ತೋರಿಸಬೇಕು. ಎರಡನೇ ಹಂತಕ್ಕೆ ಜೆ, ಕೆ, ಎಲ್, ಜೊತೆಗೆ ಒಂದು ಲಿಖಿತ ಪರೀಕ್ಷೆ. ಮೂರನೇ ಹಂತದ್ದು ಎಮ್‌ನಿಂದ ಶುರು. ಅಲ್ಲಿ ರಾಕೆಟ್ ಕಟ್ಟುವ ಮೊದಲೇ ಅನುಭವಸ್ಥರು ಡಿಸೈನ್ ನೋಡಿ ಒಪ್ಪಬೇಕು.

ಎಷ್ಟು ಎತ್ತರ ಹೋಯಿತು ಅನ್ನೋದಕ್ಕೆ ಯಾವ ಹಂತದಲ್ಲೂ ಮಾರ್ಕ್ಸ್ ಇಲ್ಲ. ನೆಟ್ಟಗೆ ಹೋಗಬೇಕು, ಪ್ಯಾರಾಚೂಟ್ ಬಿಚ್ಚಬೇಕು, ಮೆತ್ತಗೆ ಇಳಿಯಬೇಕು. ಎತ್ತಿಕೊಂಡು ಬಂದು ಪರೀಕ್ಷಕರ ಮುಂದೆ ಇಟ್ಟಾಗ, ಇನ್ನೊಂದು ಮೋಟಾರ್ ಹಾಕಿ ಈಗಲೇ ಮತ್ತೆ ಹಾರಿಸಬಹುದು ಅನ್ನುವ ಸ್ಥಿತಿಯಲ್ಲಿರಬೇಕು.

ನಾನು ಮೊದಲ ಸಲ ಫೇಲಾದೆ.

ಮೋಟಾರ್ ಎಚ್128. ಇಲ್ಲಿ 128 ಅಂದರೆ ಸರಾಸರಿ ನೂಕುಬಲ, ನ್ಯೂಟನ್ ಲೆಕ್ಕದಲ್ಲಿ. ಮೋಟಾರಿನ ಅಲ್ಯೂಮಿನಿಯಂ ಕೇಸು ಮತ್ತೆ ಮತ್ತೆ ಬಳಸುವಂಥದ್ದು. ಒಳಗಿನ ಸಾಮಾನು ಕಂಪನಿಯಿಂದ ಪ್ಯಾಕ್ ಆಗಿ ಬರುತ್ತದೆ. ಕ್ಯಾಂಪ್ ಟೇಬಲ್ ಮೇಲೆ ಹಳೇ ಟವೆಲ್ ಹಾಸಿ, ಪ್ರತಿ ರಬ್ಬರ್ ಉಂಗುರಕ್ಕೂ ಬೆರಳಲ್ಲಿ ಗ್ರೀಸ್ ಸವರಿ, ಸೂಚನೆ ಹಾಳೆ ಓದುತ್ತಾ ಒಂದೊಂದೇ ಕೂರಿಸಬೇಕು. ಒಂದು ಉಂಗುರ ಬಿಟ್ಟುಹೋದರೂ ಬಿಸಿ ಗಾಳಿ ಅಲ್ಲಿಂದ ಹೊರಗೆ ನುಗ್ಗಿ ಕೇಸನ್ನೇ ಸುಟ್ಟುಹಾಕುತ್ತದೆ. ಅದನ್ನೆಲ್ಲ ಸರಿಯಾಗೇ ಮಾಡಿದ್ದೆ. ಎಡವಿದ್ದು ಡಿಲೇ ಹತ್ತಿರ.

ಡಿಲೇ ಅಂದರೆ ಇಷ್ಟೇ. ಮೋಟಾರ್ ಒಂದೂವರೆ ಸೆಕೆಂಡಿನ ಒಳಗೇ ಉರಿದು ಮುಗಿಯುತ್ತದೆ. ಆಮೇಲೆ ರಾಕೆಟ್ ಬಂದ ವೇಗದಲ್ಲೇ ಮೇಲಕ್ಕೆ ಹೋಗುತ್ತಿರುತ್ತದೆ. ಆ ಹೊತ್ತಲ್ಲಿ ಒಳಗೆ ಒಂದು ಸಣ್ಣ ಬಿಲ್ಲೆ ನಿಧಾನ ಉರಿಯುತ್ತಿರುತ್ತದೆ. ಅದು ಮುಗಿದಾಗ ಚಿಟಿಕೆ ಕೋವಿಮದ್ದು ಹೊತ್ತಿಕೊಂಡು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ತಳ್ಳುತ್ತದೆ. ರಾಕೆಟ್ ತುದಿ ಮುಟ್ಟಿ ಇನ್ನೇನು ಮಗುಚಬೇಕು ಅನ್ನುವಾಗ ಇದು ಆಗಬೇಕು. ಬಿಲ್ಲೆ ಉದ್ದ ಬರುತ್ತದೆ, ನಮ್ಮ ರಾಕೆಟ್ಟಿಗೆ ತಕ್ಕಂತೆ ಕೈಯಲ್ಲೇ ಕೊರೆದು ಸೆಕೆಂಡು ಕಮ್ಮಿ ಮಾಡಿಕೊಳ್ಳಬೇಕು. ಎಷ್ಟು ಕೊರೆಯಬೇಕು ಅಂತ ತಿಳಿಯಲು ಕಂಪ್ಯೂಟರಿನಲ್ಲಿ ಮೊದಲೇ ಹಾರಿಸಿ ನೋಡುತ್ತೇವೆ. ಓಪನ್‌ರಾಕೆಟ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ಮಾಸ್ಟರ್ಸ್ ಪ್ರಬಂಧಕ್ಕೆ ಬರೆದದ್ದು.

ನಾನು ಅದಕ್ಕೆ ಕೊಟ್ಟ ತೂಕ ಕಿಟ್ಟಿನ ಡಬ್ಬಿ ಮೇಲೆ ಬರೆದಿದ್ದು. ರೆಕ್ಕೆ ಗಟ್ಟಿಯಾಗಿರಲಿ ಅಂತ ಬುಡಕ್ಕೆಲ್ಲ ಧಾರಾಳವಾಗಿ ಎಪಾಕ್ಸಿ ಅಂಟು ಬಳಿದಿದ್ದೆ, ಅದರ ಮೇಲೆ ಮೂರು ಕೋಟ್ ಬಣ್ಣ. ತಕ್ಕಡಿ ಮೇಲೆ ಇಟ್ಟು ನೋಡಲೇ ಇಲ್ಲ. ರಾಕೆಟ್ ನನ್ನ ಲೆಕ್ಕಕ್ಕಿಂತ ಭಾರ ಇತ್ತು, ಹಾಗಾಗಿ ಬೇಗ ತುದಿ ಮುಟ್ಟಿತು. ಸಾಲದ್ದಕ್ಕೆ ಬಿಲ್ಲೆ ಜಾಸ್ತಿ ಕೊರೆದರೆ ಬೇಗ ಸಿಡಿದೀತು ಅಂತ ಹೆದರಿ ಕಮ್ಮಿ ಕೊರೆದಿದ್ದೆ.

ಏರಿದ್ದು ಚೆನ್ನಾಗೇ ಏರಿತು. ಬಿಳಿ ಉರಿ, ಕಿವಿ ತುಂಬಾ ಸದ್ದು. ಮೇಲೆ ಒಂದು ಕ್ಷಣ ನಿಂತಂತಾಗಿ ಮೂತಿ ಕೆಳಗೆ ವಾಲಿತು. ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಮೈಕಿನಲ್ಲಿ "ಹೆಡ್ಸ್ ಅಪ್" ಅಂತ ಕೂಗಿದರು. ಕೂತವರೆಲ್ಲ ಎದ್ದು ನಿಂತು ಅದರ ಕಡೆ ಬೆರಳು ತೋರಿಸಿದರು. ನಾಲ್ಕನೇ ಸೆಕೆಂಡಿಗೆ ಪ್ಯಾರಾಚೂಟ್ ಬಿಚ್ಚಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ವೇಗದಲ್ಲಿ ಬಿಚ್ಚಿದ ರಭಸಕ್ಕೆ ಪ್ಯಾರಾಚೂಟಿನ ದಾರ ರಟ್ಟಿನ ಕೊಳವೆಯನ್ನು ಬಾಯಿಂದ ಒಂದು ಗೇಣು ಸೀಳಿತ್ತು. ಇದಕ್ಕೆ ಇಲ್ಲಿ ಜಿಪ್ಪರ್ ಅನ್ನುತ್ತಾರೆ.

ಪರೀಕ್ಷಕರು ಎಪ್ಪತ್ತು ದಾಟಿದ ಅಜ್ಜ. ಸೀಳಿದ ಜಾಗಕ್ಕೆ ಬೆರಳಿಟ್ಟು ಬುಡದವರೆಗೂ ಸವರಿದರು. ಬೈಯಲಿಲ್ಲ. "ಕೊನೇ ಸಲ ತೂಕ ಯಾವಾಗ ನೋಡಿದ್ದೆ?" ಅಂತ ಒಂದೇ ಮಾತು ಕೇಳಿದರು. ಫಾರಂ ವಾಪಸ್ ಕೊಟ್ಟರು.

ಎರಡು ತಿಂಗಳು ಬಿಟ್ಟು ಹೊಸ ಕೊಳವೆ ಹಾಕಿಕೊಂಡು ಹೋದೆ. ಈ ಸಲ ತಕ್ಕಡಿಯನ್ನೂ ಜೊತೆಗೇ ಒಯ್ದಿದ್ದೆ. ಹಾರಿಸುವ ಮೊದಲು ಸೇಫ್ಟಿ ಆಫೀಸರ್ ಟೇಬಲ್ ದಾಟಬೇಕು. ಅವರು ಮೂತಿ ಹಿಡಿದು ಇಡೀ ರಾಕೆಟ್ ಎತ್ತಿದರು. ಕೊಳವೆ ಕಳಚಿ ಬೀಳಲಿಲ್ಲ. ಸ್ವಲ್ಪ ಅಲ್ಲಾಡಿಸಿದಾಗ ಜಾರಿತು. ಹಾಗೇ ಇರಬೇಕು, ಬಿಗಿ ಜಾಸ್ತಿಯಾದರೆ ಪ್ಯಾರಾಚೂಟ್ ಹೊರಗೇ ಬರಲ್ಲ. ಒಂದೊಂದು ರೆಕ್ಕೆಯನ್ನೂ ಹಿಡಿದು ಅಲ್ಲಾಡಿಸಿದರು. ತೂಕದ ಕೇಂದ್ರ ಎಲ್ಲಿ, ಗಾಳಿಯ ಒತ್ತಡದ ಕೇಂದ್ರ ಎಲ್ಲಿ ಅಂತ ಕೇಳಿದರು. ಮೊದಲನೆಯದು ಎರಡನೆಯದಕ್ಕಿಂತ ಕನಿಷ್ಠ ಕೊಳವೆಯ ಅಗಲದಷ್ಟಾದರೂ ಮುಂದಿರಬೇಕು, ಇಲ್ಲದಿದ್ದರೆ ರಾಕೆಟ್ ಆಕಾಶದಲ್ಲಿ ಪಲ್ಟಿ ಹೊಡೆಯುತ್ತದೆ. ಆ ದಿನ ಪಾಸಾದೆ. ಕುರುಚಲು ಗಿಡದ ಮೇಲೆ ಹರಡಿಕೊಂಡಿದ್ದ ಕಿತ್ತಳೆ ಪ್ಯಾರಾಚೂಟನ್ನು ಮುಳ್ಳಿನಿಂದ ಬಿಡಿಸುವಾಗ ಕೈ ನಡುಗುತ್ತಿತ್ತು.

ನಾನು ಇಷ್ಟಪಡುವುದು ಸೇಫ್ಟಿ ಆಫೀಸರ್ ಇರುವ ಈ ಟೇಬಲ್ಲನ್ನು. ನನ್ನ ಪರಿಚಯವೇ ಇಲ್ಲದ ಒಬ್ಬರು, ಸಂಬಳವಿಲ್ಲದೆ ಬಿಸಿಲಲ್ಲಿ ನಿಂತು, ನನ್ನ ಕೆಲಸವನ್ನು ತಡವಿ ನೋಡುತ್ತಾರೆ. ಅವರು "ಇವತ್ತು ಬೇಡ" ಅಂದರೆ ಬೇಡ, ಎಂಥ ಎಂಜಿನಿಯರ್ ಆದರೂ ಅಷ್ಟೇ. ಗಾಳಿ ಗಂಟೆಗೆ 20 ಮೈಲಿ ದಾಟಿದರೆ ಹಾರಿಸುವಂತಿಲ್ಲ. ಬಟನ್ ಒತ್ತಿ ಹೊತ್ತಿಕೊಳ್ಳದಿದ್ದರೆ 60 ಸೆಕೆಂಡ್ ಯಾರೂ ಹತ್ತಿರ ಹೋಗುವಂತಿಲ್ಲ. ಎಮ್ ಮೋಟಾರ್ ಆದರೆ ಕನಿಷ್ಠ 500 ಅಡಿ ದೂರ ನಿಲ್ಲಬೇಕು. ಇವನ್ನೆಲ್ಲ ಹವ್ಯಾಸಿಗಳೇ ಕೂತು ಬರೆದುಕೊಂಡು ಪಾಲಿಸುತ್ತಾ ಬಂದಿದ್ದಾರೆ.

ಹಾಗೆ ಪಾಲಿಸಿದ್ದಕ್ಕೇ ಅವರ ಮಾತಿಗೆ ಕೋರ್ಟಿನಲ್ಲೂ ಬೆಲೆ ಬಂತು ಅಂತ ನನ್ನ ನಂಬಿಕೆ. ಈ ಮೋಟಾರುಗಳ ಇಂಧನವನ್ನು ಅಮೆರಿಕ ಸರ್ಕಾರ ಸ್ಫೋಟಕಗಳ ಪಟ್ಟಿಯಲ್ಲಿ ಇಟ್ಟಿತ್ತು. ಎರಡೂ ಸಂಘಗಳು 2000ದಲ್ಲಿ ಕೇಸು ಹಾಕಿದವು. ಇದು ಉರಿಯುತ್ತದೆ, ಸಿಡಿಯುವುದಿಲ್ಲ ಅನ್ನೋದು ಅವರ ವಾದ. ಒಂಬತ್ತು ವರ್ಷ ನಡೆದು 2009ರ ಮಾರ್ಚಿನಲ್ಲಿ ಅವರ ಪರ ತೀರ್ಪು ಬಂತು. ಸದಸ್ಯರು ದುಡ್ಡು ಹಾಕಿ ನಡೆಸಿದ ಕೇಸು ಅದು. ಕದ್ದುಮುಚ್ಚಿ ಹಾರಿಸುವವರಾಗಿದ್ದರೆ ಅಷ್ಟು ವರ್ಷ ಎದೆಯೆತ್ತಿ ವಾದ ಮಾಡಲು ಆಗುತ್ತಿತ್ತಾ?

ಮೊದಲು ಇಲ್ಲೂ ಪಿವಿಸಿ ಪೈಪಿನ ಕಥೆಯೇ ನಡೆದಿತ್ತು. 1957ರಲ್ಲಿ ಸ್ಪುಟ್ನಿಕ್ ಹಾರಿದ್ದನ್ನು ನೋಡಿ ಹುಡುಗರು ಮನೆಯಲ್ಲೇ ಕಬ್ಬಿಣದ ಕೊಳವೆಗೆ ಮದ್ದು ತುಂಬಲು ಹೋಗಿ ಬೆರಳು, ಕಣ್ಣು ಕಳೆದುಕೊಂಡರು. ಕೆಲವರು ಸತ್ತೂಹೋದರು. ಅದಕ್ಕೆ ಉತ್ತರ ನೆಬ್ರಾಸ್ಕಾದ ನಾರ್ಫೋಕ್ ಅನ್ನುವ ಊರಿನಲ್ಲಿ ಆಗಲೇ ತಯಾರಿತ್ತು. ಅಲ್ಲಿ ಶೂ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್, ಕಾಗದ ಮತ್ತು ಮರದ ರಾಕೆಟ್ ಮಾಡಿ, ಹೊರಗಿಂದ ತಂದು ಹಾಕುವ ಮೋಟಾರ್ ಕೂರಿಸಿದ್ದರು. ಕ್ಷಿಪಣಿ ಕೇಂದ್ರದಲ್ಲಿ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಹ್ಯಾರಿ ಸ್ಟೈನ್ ಅದನ್ನು ಹುಡುಗರ ಕೈಗೆ ತಲುಪಿಸಿದರು. ಮದ್ದು ಮುಟ್ಟುವ ಕೆಲಸ ಫ್ಯಾಕ್ಟರಿಗೆ, ರಾಕೆಟ್ ಕಟ್ಟುವ ಕೆಲಸ ಮಕ್ಕಳಿಗೆ. ಈ ಒಂದು ಪಾಲು ಮಾಡಿದ್ದರಿಂದ ಎಷ್ಟು ಬೆರಳು ಉಳಿದವೋ!

ರಾಕೆಟ್ಟಿನ ಮಾತು ಬಂದರೆ ನಮ್ಮ ಕಡೆಯವರು ಟಿಪ್ಪು ಸುಲ್ತಾನನ ಹೆಸರು ಎತ್ತುತ್ತಾರೆ. ಎತ್ತಲೇಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಜಾಸ್ತಿ ರಾಕೆಟ್ ತೆಗೆದರಲ್ಲ, ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ನಮ್ಮೂರಿಗೆ ಅಷ್ಟು ಹತ್ತಿರ! ಕಬ್ಬಿಣದ ಕೊಳವೆಗೆ ಮದ್ದನ್ನು ಗಟ್ಟಿಯಾಗಿ ತುಂಬಿದ್ದೇ ಅವುಗಳ ಹೆಚ್ಚುಗಾರಿಕೆ. ಆದರೆ ಅವು ಯುದ್ಧದ ರಾಕೆಟ್ಟುಗಳು, ಹೋಗಿ ಬಿದ್ದ ಕಡೆ ಅನಾಹುತ ಮಾಡುವುದೇ ಅವುಗಳ ಕೆಲಸ. ಆ ಹೆಮ್ಮೆಯಲ್ಲಿ ಹಿತ್ತಲಲ್ಲಿ ಪೈಪಿಗೆ ಮದ್ದು ತುಂಬಲು ಹೋದರೆ ಅನಾಹುತ ಆಗುವುದು ನಮ್ಮ ಮನೆಯಲ್ಲೇ. ಅದು ಅಪರಾಧವೂ ಹೌದು. ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸಬಾರದು ಅಂತ 1884ರಿಂದಲೂ ಕಾಯ್ದೆ ಇದೆ.

ಹಾಗಂತ ಹುಡುಗನಿಗೆ ಬರೀ "ಬೇಡ" ಅಂದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಮಣಿಪಾಲದ ಥ್ರಸ್ಟ್‌ಎಮ್‌ಐಟಿ ತಂಡದ ವಿದ್ಯಾರ್ಥಿಗಳು ರಾಕೆಟ್ ಕಟ್ಟಿಕೊಂಡು ನ್ಯೂ ಮೆಕ್ಸಿಕೋದ ಸ್ಪರ್ಧೆಗೆ ಬಂದು ಹೋಗಿದ್ದಾರೆ. ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಸ್ಥೆ ಇನ್-ಸ್ಪೇಸ್ ಕೂಡ ವಿದ್ಯಾರ್ಥಿಗಳಿಗೆ ಮಾಡೆಲ್ ರಾಕೆಟ್ ಸ್ಪರ್ಧೆ ನಡೆಸಿದೆ. ಅದು ಕಾಲೇಜಿನವರಿಗೆ ಆಯಿತು. ಸಾಗರದ ಪಿಯುಸಿ ಹುಡುಗನಿಗೆ, ಹೊಳಲ್ಕೆರೆಯ ಹೈಸ್ಕೂಲು ಹುಡುಗಿಗೆ ಏನಿದೆ? ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ಬಯಲುಸೀಮೆಯಲ್ಲಿ ಒಂದು ಮೈದಾನ. ತಿಂಗಳಿಗೊಂದು ದಿನ ಅನುಮತಿ. ಪರೀಕ್ಷೆ ಮಾಡಿ ಪಾಸಾದ ಸಣ್ಣ ಮೋಟಾರುಗಳು ಲೆಕ್ಕ ಇಟ್ಟು ಸಿಗುವ ಒಂದು ದಾರಿ. ಮತ್ತೆ ಆ ಟೇಬಲ್, ಅದರ ಹಿಂದೆ ನಿಲ್ಲಲು ಒಬ್ಬ ರಿಟೈರ್ಡ್ ಮೇಷ್ಟ್ರು ಅಥವಾ ಇಸ್ರೋದಲ್ಲಿ ಕೆಲಸ ಮಾಡಿ ಬಂದ ಹಿರಿಯರು. ನಮ್ಮಲ್ಲಿ ಅಂಥವರಿಗೆ ಬರ ಇಲ್ಲ. ಈ ಪೋಸ್ಟ್ ಓದುವವರಲ್ಲೇ ನಾಲ್ಕೈದು ಜನ ಇದ್ದೀರಿ, ನನಗೆ ಗೊತ್ತು. ಇನ್‌ಬಾಕ್ಸಿಗೆ ಬನ್ನಿ, ಮಾತಾಡೋಣ.

ಅಳಿಯನಿಗೆ ಭಾನುವಾರವೇ ಓಪನ್‌ರಾಕೆಟ್ ಇಳಿಸಿಕೊಟ್ಟೆ. ಮೋಟಾರ್ ಬಿಟ್ಟು ಬಾಕಿ ಎಲ್ಲಾ ಕಟ್ಟು, ರಟ್ಟಿನ ಕೊಳವೆ, ಹಗುರ ಬಾಲ್ಸಾ ಮರದ ರೆಕ್ಕೆ, ಪ್ಯಾರಾಚೂಟ್, ಎಲ್ಲಾ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ನಾನೇ ಆ ಟೇಬಲ್ ಹಾಕಿಕೊಂಡು ಕೂತು ನೋಡುತ್ತೇನೆ ಅಂದಿದ್ದೇನೆ. ನಿನ್ನೆ ರಾತ್ರಿ ಒಂದು ಫೋಟೋ ಕಳಿಸಿದ್ದಾನೆ. ಬೀದಿ ಕೊನೆಯ ದಿನಸಿ ಅಂಗಡಿಯ ತಕ್ಕಡಿ ಮೇಲೆ ಇನ್ನೂ ಬಣ್ಣ ಬಳಿಯದ ರಾಕೆಟ್, ಎದುರಿಗೆ 212 ಗ್ರಾಂ ಅನ್ನುವ ಕೆಂಪು ಅಂಕಿ. ಕೆಳಗೆ ಬರೆದಿದ್ದಾನೆ: "ಅಂಟು ಒಣಗಿದ ಮೇಲೆ ತೂಗಿದ್ದು ಮಾವ. ಬಣ್ಣ ಹೊಡೆದು ಇನ್ನೊಂದ್ಸಲ ತೂಗ್ತೀನಿ."