ಗೀರಿಗೂ ಬೆಲೆ, ಕಲೆಗೂ ಬೆಲೆ

2025ರ ಜುಲೈನಲ್ಲಿ ಪ್ಯಾರಿಸ್ಸಿನ ಸೋದಬೀಸ್ ಹರಾಜಿನಲ್ಲಿ ಕಪ್ಪು ಚರ್ಮದ ಹಳೆಯ ಚೀಲವೊಂದು 86 ಲಕ್ಷ ಯೂರೋಗೆ ಬಿಕರಿಯಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 86 ಕೋಟಿ ರೂಪಾಯಿ. ಮೈತುಂಬ ಗೀರು, ಸ್ಟಿಕ್ಕರ್ ಕಿತ್ತ ಕಲೆ, ಬಿಚ್ಚಲು ಬಾರದ ಹೆಗಲ ಪಟ್ಟಿ, ಜೊತೆಗೆ ಜೋತಾಡುವ ಒಂದು ನೇಲ್ ಕಟರ್. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನು ಇದಕ್ಕೆ ಒಂದು ಲೋಟ ಕೊಡಲೂ ಮೀನಮೇಷ ಎಣಿಸುತ್ತಿದ್ದ.

ಇದರ ಮೊದಲ ಒಡತಿ ನಟಿ, ಗಾಯಕಿ ಜೇನ್ ಬರ್ಕಿನ್. ಎಂಬತ್ತರ ದಶಕದಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹಾರುವಾಗ, ಪಕ್ಕದಲ್ಲಿ ಕುಳಿತಿದ್ದ, ದುಬಾರಿ ಚರ್ಮದ ಸಾಮಾನು ಮಾಡುವ ಫ್ರಾನ್ಸಿನ ಎರ್ಮೆಸ್ ಕಂಪನಿಯ ಮುಖ್ಯಸ್ಥರೊಡನೆ ಮಕ್ಕಳಿರುವ ತಾಯಿಗೆ ತಕ್ಕ ಚೀಲವೇ ಸಿಗುವುದಿಲ್ಲವೆಂದು ಗೊಣಗಿದರು. ಮೊದಲ ನಕ್ಷೆ ಮೂಡಿದ್ದು ವಿಮಾನದ ವಾಂತಿ ಚೀಲದ ಮೇಲೆ ಎನ್ನುತ್ತಾರೆ. ಹಾಗೆ ಹುಟ್ಟಿದ ಚೀಲಕ್ಕೆ ಕಂಪನಿ ಬರ್ಕಿನ್ ಎಂದೇ ಹೆಸರಿಟ್ಟಿತು. ಕೈಗೆ ಬಂದದ್ದನ್ನು ಆಕೆ ಹಿಗ್ಗಾಮುಗ್ಗಾ ಬಳಸಿದರು. ಉಗುರು ಬೆಳೆಯುತ್ತದೆ, ಕಟರ್ ಕೈಗೆ ಸಿಗಬೇಕು, ಕಟ್ಟಿಕೊಂಡರು, ಅಷ್ಟೆ. 1994ರಲ್ಲಿ ಏಡ್ಸ್ ಪರಿಹಾರಕ್ಕೆಂದು ಚೀಲವನ್ನೇ ಕೊಟ್ಟುಬಿಟ್ಟರು.

ಈಗಿನ ಭಕ್ತರ ಪಾಡು ಬೇರೆ. ದುಡ್ಡು ಹಿಡಿದು ಅಂಗಡಿಗೆ ಹೋದರೆ ಬರ್ಕಿನ್ ಚೀಲ ಸಿಗುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಮೊದಲು ಸ್ಕಾರ್ಫು, ಬೆಲ್ಟು, ಚಪ್ಪಲಿ ಕೊಂಡು ನಿಷ್ಠೆ ಸಾಬೀತುಪಡಿಸಬೇಕೆಂದು ದೂರಿ ಕ್ಯಾಲಿಫೋರ್ನಿಯಾದ ಇಬ್ಬರು 2024ರಲ್ಲಿ ಕೋರ್ಟ್ ಮೆಟ್ಟಿಲನ್ನೂ ಹತ್ತಿದರು. ಉಳಿದವರು ಮಾತಾಡದೆ ಬೆಲ್ಟು ಕೊಂಡರು.

ಇಷ್ಟು ತಪಸ್ಸಿಗೆ ಒಲಿದ ಚೀಲ ಹೊಚ್ಚಹೊಸದಾಗಿ ಹೊಳೆದರೆ ಮತ್ತೆ ಅವಮಾನ! ಜೇನ್ ಬಳಸಿದಂತೆ ಕಾಣಬೇಡವೇ? ಆದ್ದರಿಂದ ಮಣಿಸರ, ರಿಬ್ಬನ್, ಕೀಲಿಗೊಂಚಲು, ಲಬೂಬು ಗೊಂಬೆ ಎಲ್ಲವನ್ನೂ ಜೋಲಿಸಿ, ಊರು ಸುತ್ತಿದ ಕಳೆ ಬರಿಸುತ್ತಾರೆ. ಸುತ್ತಿದ್ದು ಮಾತ್ರ ಕಪಾಟಿನಿಂದ ಕಾರಿಗೆ, ಕಾರಿನಿಂದ ಕಪಾಟಿಗೆ. ಬದುಕಿ ಗಳಿಸಬೇಕಾದ ಗೀರನ್ನು ಬಿಲ್ ಮಾಡಿಸಿ ತರುವ ಕಾಲ ಇದು. ತೂಗುಹಾಕಲು ಚರ್ಮದ ಪುಟಾಣಿ ಕುದುರೆಯನ್ನು ಅದೇ ಕಂಪನಿ ಮಾರುತ್ತದೆ. ಅದರ ಬೆಲೆ ಕೇಳಿದರೆ ನಿಜವಾದ ಕುದುರೆಯೂ ಕೆನೆಯುವುದನ್ನು ಮರೆತೀತು.

ಮಳೆ ಬಂದರೆ? ಗಾಬರಿ ಬೇಡ, ಚೀಲದ ಜೊತೆಯಲ್ಲೇ ಅದರ ಅಳತೆಗೆ ಹೊಲಿದ ಮಳೆಕೋಟು ಬರುತ್ತದೆ. ಹೊತ್ತವರು ನೆನೆಯುತ್ತಾರೆ ಎನ್ನುವಿರಾ? ಅವರ ಮಳೆಕೋಟನ್ನೂ ಅದೇ ಅಂಗಡಿಯಲ್ಲಿ ಬೇರೆಯಾಗಿ ಕೊಂಡರಾಯಿತು. ಮುಂದಿನ ಚೀಲಕ್ಕೆ ನಿಷ್ಠೆಯ ಲೆಕ್ಕಕ್ಕೆ ಜಮೆಯಾದರೂ ಆದೀತು.